ಸಾತಿಬಾಲ್ದಿ ಅಜ್ಜನ ಹೊಟ್ಟೆಯಲ್ಲಿದ್ದ ನನ್ನ ಸೊಸೆಯ ಕಲ್ಲು

ಅಲ್ತಿ-ತೆರೆಕ್ ಗ್ರಾಮದ ನಿವಾಸಿಯೂ ನನ್ನ ಕಿರಿಸೊಸೆಯೂ ಆದ ಚಿನಾರಾಳ ಪಿತ್ತಕೋಶದಲ್ಲಿದ್ದ ಮೂರು ಕಲ್ಲುಗಳನ್ನು, ಸದರಿ ಗ್ರಾಮದ ಹಿರಿಯರಾದ ಸಾತಿಬಾಲ್ದಿ ಅಜ್ಜನವರ ಹೊಟ್ಟೆಯಿಂದ, ಸೆಪ್ಟೆಂಬರ್ ಹದಿನೇಳನೆಯ ತಾರೀಕು ಬೆಳಿಗ್ಗೆ ಹತ್ತೂಕಾಲಿಗೆ ಜಿಲ್ಲಾಸ್ಪತ್ರೆಯಲ್ಲಿ ಯಶಸ್ವಿಯಾಗಿ ಹೊರತೆಗೆಯಲಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಅಜ್ಜನ ಹೊಟ್ಟೆಯಿಂದ ಎಂದೇ ಕಾಗದದಲ್ಲಿದೆ, ಕಾಗದಕ್ಕೆ ಮೂರು ಮೊಹರು ಬಿದ್ದಿದೆ. ನನಗೆ ಓದಲು ಬರುವುದಿಲ್ಲ. ಆದರೆ ಮೊಹರು ಎಷ್ಟಿವೆ ಎಂದು ನೋಡಲು ಬರುತ್ತದೆ.

ಹೇಗಾಯಿತು ಎಂದು ಕೇಳುವವರಿದ್ದಾರೆ. ನಮ್ಮೂರಿನವರಲ್ಲ, ಹೊರಗಿನವರು. ಅವರಿಗಾಗಿ ಹೇಳುತ್ತೇನೆ.

ಚಿನಾರಾ ನನ್ನ ಕಿರಿಮಗ ಮಿರ್ಲಾನನ ಹೆಂಡತಿ. ಮಿರ್ಲಾನ್ ಬೇಸಿಗೆ ಪೂರ್ತಿ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿರುತ್ತಾನೆ, ಕೆಳಗೆ ಮನೆಯಲ್ಲಿ ನಾವಿಬ್ಬರೇ. ಸೊಸೆಯೆಂದರೆ ನಮ್ಮ ಕಿರ್ಗಿಜರಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರೂ ಕೂತಮೇಲೆ ಬಾಗಿಲ ಪಕ್ಕದಲ್ಲಿ ಕೂರುವವಳು. ಆ ವರ್ಷ ವಸಂತದಿಂದ ಅವಳಿಗೆ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಬಟ್ಟಲಿಗೆ ಚಹಾ ಬಗ್ಗಿಸುತ್ತಾ ಬಗ್ಗಿಸುತ್ತಾ ತಟ್ಟನೆ ಬಲಗಡೆ ಪಕ್ಕೆ ಹಿಡಿದುಕೊಂಡು, ತುಟಿ ಕಚ್ಚಿ, ಗೋಡೆಗೆ ಹಣೆ ಒತ್ತಿ ನಿಂತುಬಿಡುವುದು. "ಏನೂ ಇಲ್ಲ ಅಪಾ, ಚಹಾ ಆರುತ್ತೆ, ಕುಡೀರಿ" ಅನ್ನುವುದು. ಅಪಾ ಎಂದರೆ ನಮ್ಮಲ್ಲಿ ಅಮ್ಮ, ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ.

ನಮ್ಮೂರ ಔಷಧಿ ಕೋಣೆಯ ನರ್ಸು ಶಾರ್ಶೆಕಾನ್ ಒಂದು ದಿನ ಬಂದವಳು ಅವಳ ಹೊಟ್ಟೆ ಒತ್ತಿ ನೋಡಿದಳು.

"ಪಿತ್ತಕೋಶದಲ್ಲಿ ಕಲ್ಲು ಅಪಾ. ಕಣ್ಣಿನ ಬಿಳಿ ನೋಡಿ, ಹಳದಿಯಾಗ್ತಾ ಇದೆ. ಮಂಜು ಬಿದ್ದು ಕಣಿವೆ ದಾರಿ ಮುಚ್ಚೋದರೊಳಗೆ ಆಪರೇಷನ್ ಆಗ್ಲೇಬೇಕು. ದಾರಿ ಮುಚ್ಚಿದ ಮೇಲೆ ಅದು ಒಳಗೆ ಒಡೆದರೆ, ನಾನು ಕೈ ಹಿಡ್ಕೊಂಡು ಕೂತಿರಬಹುದು ಅಷ್ಟೇ."

ಸರ್ಕಾರದ ಆರೋಗ್ಯ ಸುಧಾರಣೆಗೆ ಮುಂಚೆಯಾಗಿದ್ದರೆ ಇದು ಸುಲಭ. ಜಿಲ್ಲಾಸ್ಪತ್ರೆಯ ಮೆಟ್ಟಿಲ ಮೇಲೆ ಒಂದು ದಿನ ಕೂತು ಅತ್ತರೆ, ಸಂಜೆಯೊಳಗೆ ಯಾರಾದರೂ ಬೈದುಕೊಂಡು ಒಳಗೆ ಕರೆಯುತ್ತಿದ್ದರು. ಈಗ ಸುಧಾರಣೆಯಾಗಿತ್ತು. ಸುಧಾರಣೆಯಾದ ಮೇಲೆ ಮೆಟ್ಟಿಲ ಮೇಲೆ ಕೂರಲಿಕ್ಕೂ ಶಿಫಾರಸು ಪತ್ರ ಬೇಕು.

ಸುಧಾರಣೆ ಏನೆಂದು ಊರಿನಲ್ಲಿ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಮನೆಗೊಂದು ವಿಷಯ ಗೊತ್ತಿತ್ತು. ಸರ್ಕಾರ ಕುಟುಂಬಕ್ಕೊಬ್ಬ ವೈದ್ಯನನ್ನು ಕೊಡುತ್ತದೆ, ಅವನ ಊಟ, ಹಾಸಿಗೆ ನಮ್ಮದು ಎಂದು ಕೆಳಗೇರಿಯವರಿಗೆ ಗೊತ್ತಿತ್ತು. ಮದುವೆಯಾಗದ ಹೆಣ್ಣುಮಕ್ಕಳಿದ್ದ ಎರಡು ಮನೆಯಲ್ಲಿ ಆಗಲೇ ಕೋಣೆಗೆ ಸುಣ್ಣ ಬಳಿದಿದ್ದರು. ಹೆಸರು ಬರೆಸಿದವರು ವರ್ಷಕ್ಕೆರಡು ಸಲ ಕಾಯಿಲೆ ಬೀಳಲೇಬೇಕು, ತಪ್ಪಿದರೆ ದಂಡ ಎಂದು ಮೇಲ್ಗೇರಿಯವರಿಗೆ ಗೊತ್ತಿತ್ತು. ಗಿರಣಿ ಹತ್ತಿರದವರು ಮಾತ್ರ ತಮಗೇನೂ ಗೊತ್ತಿಲ್ಲ ಎಂದರು. ಅವರು ಏನೋ ಮುಚ್ಚಿಡುತ್ತಿದ್ದಾರೆಂದು ಊರಿಗೆಲ್ಲ ಅನುಮಾನ.

ಈ ಅನುಮಾನಗಳನ್ನು ಪರಿಹರಿಸಲು ಆರೋಗ್ಯ ಸುಧಾರಣಾ ಮಂಡಳಿಯಿಂದ ಒಬ್ಬ ಅಧಿಕಾರಿ ಬಂದ. ಅವನ ತಂದೆತಾಯಿ ಮಗ ಡಾಕ್ಟರಾಗಲೆಂದು ಆಸೆಯಿಟ್ಟುಕೊಂಡು ದೊಕ್ತುರ್‌ಬೆಕ್ ಎಂದು ಹೆಸರಿಟ್ಟಿದ್ದರು. ಓದಿದ್ದು ಮಾತ್ರ ನೆಲ ಅಳೆಯುವ ವಿದ್ಯೆ. ಅತಿಥಿ ಬಂದ ಮೇಲೆ ಕುರಿ ಕೊಯ್ಯಲೇಬೇಕು, ಕೊಯ್ದೆವು. ಗ್ರಾಮಾಡಳಿತದ ಮುಖ್ಯಸ್ಥ ಎಮಿಲ್‌ಬೆಕ್‌ನ ಮನೆಯಲ್ಲಿ ಇಡೀ ಊರು ಸೇರಿತು.

ದೊಕ್ತುರ್‌ಬೆಕ್ ಚೀಲದಿಂದ ಕಾಗದ ತೆಗೆದು, "ವಿಕೇಂದ್ರೀಕೃತ ಆದ್ಯತಾನುಸಾರ ಹಂಚಿಕೆ" ಎಂದು ಓದಲು ಶುರುಮಾಡಿದ. ಅಷ್ಟರಲ್ಲಿ ಮಾಂಸದ ಪರಾತ ಬಂತು. ಮಾಂಸ ಬಂದಮೇಲೆ ಯಾರು ತಾನೇ ಕಾಗದ ಓದುತ್ತಾರೆ? ಎಮಿಲ್‌ಬೆಕ್ ಕ್ರಮ ತಪ್ಪದೆ ಪಾಲು ಹಂಚಿದ. ಸೊಂಟದ ಮೂಳೆ ಸಾತಿಬಾಲ್ದಿ ಅಜ್ಜನಿಗೆ. ಅವರಿಗೆ ಎಂಬತ್ತನಾಲ್ಕು, ಊರಿಗೇ ಹಿರಿಯರು. ಬಾಲದ ಬುಡದ ಮೂಳೆ ನನಗೆ. ನನಗೆ ಆಗ ಎಪ್ಪತ್ತೆಂಟು, ಹೆಂಗಸರಲ್ಲಿ ನಾನೇ ಹಿರಿಯಳು. ಹೀಗೆ ವಯಸ್ಸಿನ ಪ್ರಕಾರ ಇಳಿಯುತ್ತಾ ಇಳಿಯುತ್ತಾ ಬಾಗಿಲ ಪಕ್ಕದ ಸೊಸೆಯಂದಿರ ಹತ್ತಿರ ಬರುವಷ್ಟರಲ್ಲಿ ಪರಾತದಲ್ಲಿ ರಸ ಉಳಿದಿರುತ್ತದೆ.

ಸಾತಿಬಾಲ್ದಿ ಅಜ್ಜ ಮೂಳೆ ಕೈಯಲ್ಲಿ ಹಿಡಿದು ಕೇಳಿದರು. "ಮಗನೇ, ಆ ಉದ್ದ ಮಾತು ನಮಗೆ ತಿಳಿಯಲ್ಲ. ಈ ಸುಧಾರಣೆ ಅನ್ನೋದು ಏನು, ನಮ್ಮ ಭಾಷೇಲಿ ಹೇಳು."

ದೊಕ್ತುರ್‌ಬೆಕ್‌ನ ಬಾಯಿ ತುಂಬಿತ್ತು. ಅವನು ಅಜ್ಜನ ಕೈಲಿದ್ದ ಮೂಳೆ ತೋರಿಸಿದ, ಪರಾತ ತೋರಿಸಿದ, ಆಮೇಲೆ ನುಂಗಿ ಹೇಳಿದ. "ಇದೇ ಅಜ್ಜಾ. ಇಷ್ಟೇ. ಎಲ್ಲರಿಗೂ ಅವರವರ ಪಾಲು."

"ಹಂಗನ್ನು ಮತ್ತೆ!" ಎಂದು ಊರೇ ಉಸಿರುಬಿಟ್ಟಿತು. ಎಮಿಲ್‌ಬೆಕ್ ಎದ್ದು ನಿಂತು, ಆರೋಗ್ಯವನ್ನು ಇನ್ನುಮುಂದೆ ಮಾಂಸದಂತೆಯೇ ಹಂಚಲಾಗುವುದೆಂದೂ ಗ್ರಾಮಕ್ಕೆ ಇದು ಸಂಪೂರ್ಣ ಅರ್ಥವಾಗಿದೆಯೆಂದೂ ಘೋಷಿಸಿದ. ಎಲ್ಲರೂ ಅಂಗೈಗಳನ್ನು ಮುಖಕ್ಕೆ ಸವರಿಕೊಂಡು "ಓಮಿನ್" ಎಂದೆವು. ಅಲ್ಲಿಗೆ ಕಾನೂನು ಜಾರಿಯಾಯಿತು.

ಊಟದ ನಂತರ ಜನಾಭಿಪ್ರಾಯ ಸಂಗ್ರಹ. ಮುನ್ನೂರ ಹನ್ನೆರಡು ಜನ, ಮುನ್ನೂರ ಹನ್ನೆರಡು ಫಾರಂ. ಹಿರಿಯರು ಬಾಯಿ ಬಿಡುವ ಮೊದಲು ಕಿರಿಯರು ಅಭಿಪ್ರಾಯ ಹೇಳುವುದು ನಮ್ಮಲ್ಲಿ ಇಲ್ಲ. ಹಿರಿಯರು ಹೇಳಿದ ಮೇಲೆ ಬೇರೆ ಹೇಳುವುದಂತೂ ಇಲ್ಲವೇ ಇಲ್ಲ. ಹಾಗಾಗಿ ಮೊದಲು ಸಾತಿಬಾಲ್ದಿ ಅಜ್ಜನನ್ನೇ ಕೇಳಿದರು.

"ವಯಸ್ಸು?"

"ಎಂಬತ್ತನಾಲ್ಕು."

"ಗಂಡೋ ಹೆಣ್ಣೋ?"

"ಕಣ್ಣು ಕಾಣಲ್ವೇನಪ್ಪಾ ನಿನಗೆ? ಗಂಡು."

"ಸುಧಾರಣೆ ಬಗ್ಗೆ ಅಭಿಪ್ರಾಯ?"

ಅಜ್ಜ ಗಡ್ಡ ನೀವಿಕೊಂಡು ತುಂಬ ಹೊತ್ತು ಯೋಚಿಸಿದರು. "ಒಳ್ಳೇದೇ ಇರಬೇಕು. ಆದರೆ ಇನ್ನೂ ಸ್ವಲ್ಪ ಬೇಯಬೇಕಿತ್ತು." ಅವರು ಹೇಳಿದ್ದು ಕುರಿಯ ಬಗ್ಗೆ. ಮೂಳೆ ಇನ್ನೂ ಅವರ ಕೈಯಲ್ಲೇ ಇತ್ತು.

ಮುಂದಿನವನ ಸರದಿ. "ಅಜ್ಜ ಏನಂದ್ರು?" ಎಂದು ಕೇಳಿದ. ಎಂಬತ್ತನಾಲ್ಕು ಅಂದ್ರು ಎಂದು ಎಮಿಲ್‌ಬೆಕ್ ಹೇಳಿದ. "ಹಾಗಾದ್ರೆ ಅದನ್ನೇ ಬರ್ಕೋ." ಅವನಿಗೆ ನಲವತ್ತೂ ಆಗಿರಲಿಲ್ಲ. ಹೀಗೇ ಸಾಲು ಸಾಗಿತು. ನನ್ನ ಸರದಿ ಬಂದಾಗ ನಾನೂ ಅಷ್ಟೇ ಹೇಳಿದೆ. ಅಷ್ಟು ಜನರೆದುರು ಹಿರಿಯರ ಮಾತು ಮುರಿದು ನನ್ನದೇ ಬೇರೆ ವಯಸ್ಸು ಹೇಳಿಕೊಳ್ಳಲು ನಾನೇನು ಮರ್ಯಾದೆ ಗೊತ್ತಿಲ್ಲದವಳೇ?

ಚಿನಾರಾ ಹಿಂದಿನಿಂದ ನನ್ನ ತೋಳು ಹಿಡಿದಳು. "ಅಪಾ, ನನಗೆ ಇಪ್ಪತ್ತಾರು. ನನಗೆ ಹೊಟ್ಟೆ ನೋವು ಅಂತ ಬರೆಸ್ಲಾ?"

"ಸುಮ್ನಿರೇ. ಹಿರಿಯರು ಹೇಳಿ ಆಗಿದೆ" ಎಂದೆ. ಎಂದವಳು ನಾನೇ.

ಒಂದೂವರೆ ತಿಂಗಳಿಗೆ ಮಂಡಳಿಯ ಉತ್ತರ ಬಂತು. ಎಮಿಲ್‌ಬೆಕ್ ಅದನ್ನು ಕಚೇರಿ ಬಾಗಿಲಲ್ಲಿ ನಿಂತು ಮೂರು ಸಲ ಓದಿದ್ದರಿಂದ ನನಗೆ ಬಾಯಿಪಾಠವಾಗಿದೆ.

"ಅಲ್ತಿ-ತೆರೆಕ್ ಗ್ರಾಮದ ಜನಾಭಿಪ್ರಾಯವನ್ನು ವೈಜ್ಞಾನಿಕವಾಗಿ ಪರಿಶೀಲಿಸಲಾಗಿದೆ. ಗ್ರಾಮದಲ್ಲಿ ಎಂಬತ್ತನಾಲ್ಕು ವರ್ಷದ ಮುನ್ನೂರ ಹನ್ನೆರಡು ಗಂಡಸರಿರುವುದು ದೃಢಪಟ್ಟಿದೆ. ಇಂತಹ ದೀರ್ಘಾಯುಷ್ಯಕ್ಕಾಗಿ ಗ್ರಾಮವನ್ನು ಅಭಿನಂದಿಸಲಾಗಿದೆ. ಸುಧಾರಣೆಯನ್ನು ಇನ್ನೂ ಸ್ವಲ್ಪ ಬೇಯಿಸಬೇಕೆಂಬ ಸರ್ವಾನುಮತದ ಬೇಡಿಕೆಯನ್ನು ತಜ್ಞರ ಉಪಸಮಿತಿಗೆ ಒಪ್ಪಿಸಲಾಗಿದೆ. ಗ್ರಾಮದಲ್ಲಿ ಹೆಂಗಸರೇ ಇಲ್ಲದ ಕಾರಣ ಹೆರಿಗೆ ಕೋಣೆಯನ್ನು ಮುಚ್ಚಲಾಗಿದೆ. ಬದಲಿಗೆ ಮುನ್ನೂರ ಹನ್ನೆರಡು ಊರುಗೋಲುಗಳನ್ನು ಮಂಜೂರು ಮಾಡಲಾಗಿದ್ದು, ಅವುಗಳನ್ನು ಸದರಿ ಹೆರಿಗೆ ಕೋಣೆಯಲ್ಲಿಡತಕ್ಕದ್ದು."

ಊರುಗೋಲು ಬಂದವು. ಒಳ್ಳೆಯ ಗಟ್ಟಿ ಕೋಲು, ಸುಳ್ಳು ಹೇಳಬಾರದು. ಚಿನಾರಾ ತನ್ನ ಪಾಲಿನದನ್ನು ಒಲೆ ಕೆದಕಲು ಇಟ್ಟುಕೊಂಡಳು.

ಅದರ ಹಿಂದೆಯೇ ಇನ್ನೊಂದು ಲಕೋಟೆ. ಶಾರ್ಶೆಕಾನ್ ಬೇಡಿ ಬೇಡಿ ಬರೆದಿದ್ದಕ್ಕೆ ಉತ್ತರ. "ಪಿತ್ತಕೋಶದ ಶಸ್ತ್ರಚಿಕಿತ್ಸೆ, ಒಂದು. ಆದ್ಯತೆಯನ್ನು ಗ್ರಾಮವೇ ನಿರ್ಧರಿಸಿ ಹೆಸರು ತುಂಬತಕ್ಕದ್ದು." ಹೆಸರಿನ ಜಾಗ ಖಾಲಿ ಇತ್ತು.

ಶಾರ್ಶೆಕಾನ್ ಓಡಿಬಂದು ಚಿನಾರಾಳನ್ನು ಅಪ್ಪಿಕೊಂಡಳು. ನಾನೂ ಸಂತೋಷಕ್ಕೆ ಎಣ್ಣೆ ಕಾಯಿಸಿ ಬೊರ್ಸೊಕ್ ಕರಿದೆ. ಊರಿಗೆಲ್ಲ ಹಂಚಿ ಮುಗಿಸುವಷ್ಟರಲ್ಲಿ ಗ್ರಾಮಸಭೆ ಸೇರಿ ಹೆಸರು ತುಂಬಿಯಾಗಿತ್ತು. ಸಾತಿಬಾಲ್ದಿ ಅಜ್ಜ.

ನಾನು ತಲೆವಸ್ತ್ರ ಬಿಗಿದುಕೊಂಡು ಕಚೇರಿಗೆ ಹೋದೆ. "ಎಮಿಲ್‌ಬೆಕ್, ಕಲ್ಲಿರೋದು ನನ್ನ ಸೊಸೆ ಹೊಟ್ಟೇಲಿ ಕಣಪ್ಪಾ!"

"ಇರ್ಲಿ ಅಪಾ, ಯಾರಿಲ್ಲ ಅಂದ್ರು? ಆದರೆ ಊರಿಗೆ ಬಂದಿರೋದು ಒಂದೇ ಪಾಲು. ಮೊದಲ ಪಾಲು ಹಿರಿಯರಿಗೆ. ನಾಳೆ ಕುರಿ ಕೊಯ್ದಾಗ ಸೊಂಟದ ಮೂಳೆ ತಗೊಂಡು ಹೋಗಿ ಸೊಸೆ ತಟ್ಟೇಗೆ ಹಾಕ್ಲಾ? ನೀವೇ ಹೇಳಿ, ಊರು ಏನನ್ನುತ್ತೆ?"

"ಅವರಿಗೆ ಕಾಯಿಲೇನೇ ಇಲ್ವಲ್ಲೋ!"

"ಹಸಿವಿಲ್ಲ ಅಂತ ಹಿರಿಯರ ಪಾಲು ಬೇರೆಯವರಿಗೆ ಕೊಡ್ತೀವಾ ಅಪಾ?"

ನ್ಯಾಯವಾದ ಮಾತೇ. ನಾನು ನೇರ ಸಾತಿಬಾಲ್ದಿ ಅಜ್ಜನ ಮನೆಗೆ ನಡೆದೆ. ಅಲ್ಲಿ ಆಗಲೇ ನೆರೆಯವರು ಶುಭಾಶಯ ಹೇಳಿ ಹೋಗುತ್ತಿದ್ದರು. ಅಜ್ಜ ಬಿಳಿ ಉಣ್ಣೆಯ ಕಲ್ಪಕ್ ಟೋಪಿ ಹಾಕಿಕೊಂಡು, ಎದೆಗೆ ಹಳೆಯ ಪದಕ ಸಿಕ್ಕಿಸಿಕೊಂಡು, ದಿಂಬಿಗೆ ಒರಗಿ ಕೂತಿದ್ದರು. ಮುಖ ಮಾತ್ರ ಸುಣ್ಣದ ಹಾಗಿತ್ತು.

ಜನ ಹೋದಮೇಲೆ ಮೆಲ್ಲಗೆ ಕೇಳಿದರು. "ಕುಲಿಪಾ, ಈ ಪಿತ್ತಕೋಶ ಎಲ್ಲಿರುತ್ತಮ್ಮಾ?"

"ಬಲಗಡೆ ಅಂತೆ."

ಅಜ್ಜ ಬಲಗಡೆ ಮುಟ್ಟಿ ನೋಡಿಕೊಂಡರು. "ಎಂಬತ್ತನಾಲ್ಕು ವರ್ಷ ನನ್ನ ಜೊತೆ ಇತ್ತು. ಒಂದು ದಿನ ಒಂದು ಮಾತು ಆಡ್ಲಿಲ್ಲ."

"ಹಾಗಾದ್ರೆ ಬೇಡ ಅನ್ನಿ. ನನ್ನ ಸೊಸೆಗೆ ಬಿಟ್ಟುಕೊಡಿ."

"ಹೇಗನ್ನಲಿ? ಊರು ಕೊಟ್ಟ ಪಾಲು. ತಿರುಗಿಸಿದರೆ ಕೊಟ್ಟವರಿಗೆ ಅವಮಾನ. ನಾನೇ ತಿರುಗಿಸಿದರೆ ನಾಳೆ ಹಿರಿಯರ ಪಾಲು ಅಂತ ಊರಲ್ಲಿ ಏನು ಉಳಿಯುತ್ತೆ?" ಅವರು ಎದೆಯ ಪದಕ ಸರಿಮಾಡಿಕೊಂಡರು. "ಕೊಯ್ದರೆ ಕೊಯ್ಯಲಿ ಬಿಡು."

ಆ ಮುದುಕನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಮನೆಗೆ ಬಂದೆ. ಚಿನಾರಾ ಒಲೆಯ ಮುಂದೆ ಮಂಡಿಯೂರಿ, ಸರ್ಕಾರದ ಊರುಗೋಲು ಊರಿಕೊಂಡು ಏಳಲು ನೋಡುತ್ತಿದ್ದಳು. ಏಳಲು ಆಗಲಿಲ್ಲ. ನನ್ನನ್ನು ನೋಡಿ ನಕ್ಕಳು. "ನೋಡಿ ಅಪಾ, ಮಂಡಳಿಯವರಿಗೆ ಎಷ್ಟು ದೂರದೃಷ್ಟಿ!"

ಕಣಿವೆಯ ನೆತ್ತಿಯ ಮೇಲೆ ಮೊದಲ ಮಂಜು ಬಿದ್ದು ಎರಡು ದಿನವಾಗಿತ್ತು.

ಅವಳನ್ನು ಎತ್ತಿ ಮಲಗಿಸುವಾಗ ಮೂಲೆಯಲ್ಲಿ ಗಂಟು ಕಟ್ಟಿಟ್ಟಿದ್ದ ರೊಟ್ಟಿ, ಮಾಂಸದ ತುಂಡು ಕಣ್ಣಿಗೆ ಬಿತ್ತು. ಹಿಂದಿನ ದಿನ ಮದುವೆ ಮನೆಯಿಂದ ಅವಳಿಗೆಂದು ನಾನೇ ತಂದಿದ್ದೆ. ಹಿರಿಯರು ತಮ್ಮ ಪಾಲಿನಲ್ಲಿ ಸ್ವಲ್ಪ ರುಚಿ ನೋಡಿ, ಉಳಿದದ್ದನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಮನೆಯ ಕಿರಿಯರಿಗೆ ತಂದುಕೊಡುತ್ತಾರಲ್ಲ, ಅದಕ್ಕೆ ನಾವು ಕೆಶಿಕ್ ಅನ್ನುತ್ತೇವೆ. ಕೆಶಿಕ್ ಕೊಡದ ಹಿರಿಯನನ್ನು ಯಾರೂ ಹಿರಿಯ ಅನ್ನುವುದಿಲ್ಲ. ಸೊಸೆಯಂದಿರು ಸೊಂಟದ ಮೂಳೆಯ ಮಾಂಸ ತಿನ್ನುವುದೇ ಹೀಗೆ.

ನಾನು ತಿರುಗಿ ಸಾತಿಬಾಲ್ದಿ ಅಜ್ಜನ ಮನೆಗೆ ಓಡಿದೆ.

"ಪಾಲು ತಗೊಳ್ಳಿ. ಬೇಡ ಅನ್ಬೇಡಿ. ಸ್ವಲ್ಪ ರುಚಿ ನೋಡಿ, ಉಳಿದದ್ದು ನನ್ನ ಸೊಸೆಗೆ ಕೆಶಿಕ್ ಕೊಡಿ."

ಅಜ್ಜ ನನ್ನನ್ನೇ ನೋಡಿದರು. ಎಂಬತ್ತನಾಲ್ಕು ವರ್ಷದ ಮುಖದಲ್ಲಿ ರಕ್ತ ಮೆಲ್ಲಗೆ ವಾಪಸ್ಸು ಬಂತು. "ಕುಲಿಪಾ, ನಿನ್ನನ್ನು ಓದಿಸಬೇಕಿತ್ತು ಕಣೇ" ಎಂದರು.

ಎಮಿಲ್‌ಬೆಕ್‌ಗೆ ಹೇಳಿದೆವು. ಅವನು ಒಂದು ಕ್ಷಣವೂ ತಡಮಾಡಲಿಲ್ಲ. "ಇದಕ್ಕೆ ಯಾರು ಬೇಡ ಅಂತಾರೆ? ಕ್ರಮಬದ್ಧವಾಗಿದೆ" ಎಂದು ಕಾಗದದ ಕೆಳಗೆ, "ಕೆಶಿಕ್ ಸಹಿತ" ಎಂದು ಬರೆದು ಮೊಹರು ಒತ್ತಿದ. ಅದು ಮೊದಲನೆಯ ಮೊಹರು. ಮಿರ್ಲಾನ್ ಮೇಲಿನಿಂದ ಇಳಿದುಬಂದು ಜೀಪು ತಂದ. ಮುಂದಿನ ಸೀಟಿನಲ್ಲಿ ಅಜ್ಜ ಕಲ್ಪಕ್ ಸರಿಮಾಡಿಕೊಂಡು ನೆಟ್ಟಗೆ ಕೂತರು. ಹಿಂದೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಚಿನಾರಾ. ದಾರಿಯ ಒಂದೊಂದು ಗುಂಡಿಗೂ ಅವಳು ನನ್ನ ಕೈ ಹಿಂಡುತ್ತಿದ್ದಳು. ಅಜ್ಜ ಹಿಂದೆ ತಿರುಗಿ, "ಸ್ವಲ್ಪ ತಡ್ಕೋ ಮಗಳೇ, ನನ್ನದು ಮುಗಿದ ತಕ್ಷಣ ನಿನ್ನದೇ" ಎಂದು ಧೈರ್ಯ ಹೇಳುತ್ತಿದ್ದರು.

ಜಿಲ್ಲಾಸ್ಪತ್ರೆಯ ಗುಮಾಸ್ತ ಕಾಗದವನ್ನು ಮೇಲೆ ಕೆಳಗೆ ನೋಡಿದ. "ರೋಗಿ ಯಾರು?"

"ನಾನು" ಎಂದರು ಅಜ್ಜ.

"ಇವಳ್ಯಾರು, ಅಳ್ತಾ ಇದ್ದಾಳಲ್ಲ?"

"ಇವಳು ನನ್ನ ಕೆಶಿಕ್ ತಗೊಳ್ಳೋಕೆ ಬಂದಿದ್ದಾಳೆ."

ಗುಮಾಸ್ತನೂ ಯಾವುದೋ ತಾಯಿಯ ಮಗ, ಅವನ ಅಜ್ಜಿಯೂ ಅವನಿಗೆ ಗಂಟು ಕಟ್ಟಿ ತಂದವಳೇ. ಅವನಿಗೆ ಕೆಶಿಕ್‌ನಲ್ಲಿ ಏನೂ ತಪ್ಪು ಕಾಣಲಿಲ್ಲ. ಅವನ ತೊಂದರೆ ಬೇರೆ. "ಫಾರಂನಲ್ಲಿ ಆ ಅಂಕಣ ಇಲ್ಲ. ‘ಜೊತೆಗೆ ಬಂದವರು’ ಅಂತ ಇದೆ. ಅಲ್ಲಿ ಹಾಕ್ಲಾ?"

"ಹಾಕಪ್ಪಾ."

ಅವನು ಬರೆದ. ಜೊತೆಗೆ ಬಂದವರು, ಒಬ್ಬರು. ಹೆಸರು ಬರೆಯಲು ಅಲ್ಲಿ ಜಾಗವಿರಲಿಲ್ಲ. ಎರಡನೆಯ ಮೊಹರು.

ಶಸ್ತ್ರವೈದ್ಯೆ ತಮಾರಾ ಪೆತ್ರೋವ್ನಾ ರಷ್ಯದ ಹೆಂಗಸು, ಮೂವತ್ತು ವರ್ಷದಿಂದ ನಮ್ಮಲ್ಲೇ ಇದ್ದು ನಮ್ಮ ಹಾಗೇ ಬೈಯುತ್ತಾಳೆ. ಚಿನಾರಾಳ ಕಣ್ಣಿನ ರೆಪ್ಪೆ ಎಳೆದು ನೋಡಿ ಕೂಗಿದಳು. "ಇಷ್ಟು ದಿನ ಏನು ಕುರಿ ಕಾಯ್ತಿದ್ರಾ? ಎತ್ತಿ ಮೇಜಿನ ಮೇಲೆ ಹಾಕಿ ಇವಳನ್ನ!"

"ಮೊದಲು ನಾನು" ಎಂದರು ಅಜ್ಜ.

"ನಿಮಗೇನಾಗಿದೆ?"

"ಏನೂ ಇಲ್ಲ. ಆದರೆ ನಾನು ಮುಟ್ಟದೆ ಕೊಟ್ಟರೆ ಅದು ಕೆಶಿಕ್ ಆಗಲ್ಲಮ್ಮಾ. ಎಂಜಲೂ ಅಲ್ಲ, ಕಾಣಿಕೆಯೂ ಅಲ್ಲ. ಊರಿಗೆ ಹೋಗಿ ಏನಂತ ಹೇಳಲಿ?"

ತಮಾರಾ ಪೆತ್ರೋವ್ನಾ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಹಣೆ ಒರೆಸಿಕೊಂಡಳು. "ನನಗೆ ಬೇಕಾಗಿರೋದು ಹೊಟ್ಟೆ. ಕಾಗದ ಯಾರ ಹೆಸರಲ್ಲಾದ್ರೂ ಇರಲಿ. ಹತ್ತಿ ಅಜ್ಜಾ, ಬೇಗ."

ಅಜ್ಜ ಮೇಜು ಹತ್ತಿ ಮಲಗಿದರು. ಕಲ್ಪಕ್ ತೆಗೆಯಲು ಒಪ್ಪಲಿಲ್ಲ. ಅಂಗಿ ಎತ್ತಿ ಬಲಗಡೆ ತೋರಿಸಿ ಕಣ್ಣು ಮುಚ್ಚಿಕೊಂಡರು. ತಮಾರಾ ಪೆತ್ರೋವ್ನಾ ಹತ್ತಿಯಲ್ಲಿ ಔಷಧಿ ಅದ್ದಿ ಆ ಜಾಗಕ್ಕೆ ಒಂದು ಸಲ ಸವರಿದಳು. ಅಜ್ಜ ಆ ತಂಪಿಗೆ ಬೆಚ್ಚಿಬಿದ್ದು, "ಸಾಕು, ಹೊಟ್ಟೆ ತುಂಬಿತು. ಉಳಿದದ್ದು ಸೊಸೆಗೆ" ಎಂದು ಇಳಿದರು. ನರ್ಸುಗಳು ಚಿನಾರಾಳನ್ನು ಎತ್ತಿ ಮಲಗಿಸಿದರು. ಅಷ್ಟು ನೋವಿನಲ್ಲೂ ಅವಳು ಎರಡೂ ಕೈ ಚಾಚಿ, "ಧನ್ಯವಾದ ಅಜ್ಜಾ" ಎಂದಳು. ಬೆಳೆಸಿದವರು ಚೆನ್ನಾಗಿ ಬೆಳೆಸಿದ್ದಾರೆ.

ಬಾಗಿಲು ಮುಚ್ಚಿತು. ಆ ಬಾಗಿಲ ಹೊರಗೆ ನಾನು ಎಷ್ಟು ಹೊತ್ತು ಕೂತಿದ್ದೆನೆಂದು ಕಾಗದದಲ್ಲಿಲ್ಲ. ಅಜ್ಜ ನನ್ನ ಪಕ್ಕದಲ್ಲಿ ಕೂತಿದ್ದರು. ಕೊನೆಗೆ ತಮಾರಾ ಪೆತ್ರೋವ್ನಾ ಹೊರಗೆ ಬಂದು, ಅಂಗೈಯಲ್ಲಿ ಮೂರು ಕಲ್ಲು ತೋರಿಸಿದಳು. ಏಪ್ರಿಕಾಟಿನ ಬೀಜದಷ್ಟು ದೊಡ್ಡವು. "ಇನ್ನೊಂದು ವಾರ ಬಿಟ್ಟಿದ್ರೆ ನಿಮಗೆ ಸೊಸೆ ಇರ್ತಿರಲಿಲ್ಲ" ಎಂದಳು. ನಾನು ಆ ಕಲ್ಲುಗಳನ್ನು ಕೇಳಿದೆ. ಕೊಡಲು ಬರುವುದಿಲ್ಲ, ಅವು ಸಾತಿಬಾಲ್ದಿಯವರ ಆಸ್ತಿ ಎಂದು ಗುಮಾಸ್ತ ಹೇಳಿದ. ಅಜ್ಜ ಸಹಿ ಹಾಕಿ ಪಡೆದುಕೊಂಡು ಜೇಬಿಗೆ ಹಾಕಿಕೊಂಡರು. ಮೂರನೆಯ ಮೊಹರು.

ಗುಮಾಸ್ತ ಓದಿ ಹೇಳಿದಂತೆ ಬಿಡುಗಡೆ ಪತ್ರದಲ್ಲಿ ಹೀಗಿತ್ತು. "ರೋಗಿ ಸಾತಿಬಾಲ್ದಿ, ಎಂಬತ್ತನಾಲ್ಕು ವರ್ಷ, ಗಂಡು, ಗರ್ಭಿಣಿಯಲ್ಲ. ಪಿತ್ತಕೋಶ ತೆಗೆಯಲಾಗಿದೆ. ಒಂದು ತಿಂಗಳು ಭಾರ ಎತ್ತತಕ್ಕದ್ದಲ್ಲ. ಕುರಿಯ ಬಾಲದ ಕೊಬ್ಬನ್ನು ಮುಂದಿನ ಆದೇಶದವರೆಗೆ ತಿನ್ನತಕ್ಕದ್ದಲ್ಲ. ಜೊತೆಗೆ ಬಂದವರು ಆರೋಗ್ಯವಾಗಿದ್ದಾರೆ."

ಊರಿಗೆ ಬಂದ ದಿನವೇ ಜನ ರೋಗಿಯನ್ನು ನೋಡಲು ಸಾಲುಗಟ್ಟಿದರು. ರೊಟ್ಟಿ, ಸಾರು, ಒಣಹಣ್ಣು, ಎಲ್ಲ ಸಾತಿಬಾಲ್ದಿ ಅಜ್ಜನ ಮನೆಗೆ. ಅಷ್ಟು ಜನಕ್ಕೆ ಚಹಾ ಕೊಡಲು ಕೈ ಸಾಲದೆ ನೆರೆಹೊರೆಯ ಸೊಸೆಯಂದಿರನ್ನು ಕರೆದರು. ಚಿನಾರಾಳಿಗೂ ಹೇಳಿಕಳಿಸಿದರು. ಕಾಗದದ ಪ್ರಕಾರ ಅವಳು ಆರೋಗ್ಯವಾಗಿದ್ದಳಲ್ಲ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಅವಳು ಹೊರಟೇಬಿಟ್ಟಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು, "ಕೆಶಿಕ್ ಇನ್ನೂ ಅರಗಿಲ್ಲ. ಅರಗೋವರೆಗೂ ಅಲುಗಾಡಿಸಿದರೆ ಕೊಟ್ಟವರಿಗೆ ಕೇಡು" ಎಂದು ಹೇಳಿಕಳಿಸಿದೆ. ಅಂಥ ನಿಯಮ ಯಾವುದೂ ಇಲ್ಲ. ಆದರೆ ಊರಿನಲ್ಲಿ ಈಗ ಅದೂ ಒಂದು ನಿಯಮವಾಗಿದೆ, ನಲವತ್ತು ದಿನ ಎಂದು ಲೆಕ್ಕವನ್ನೂ ಇಟ್ಟಿದ್ದಾರೆ.

ಅಜ್ಜನಿಗಾಗಿದ್ದೇ ನಿಜವಾದ ಕಷ್ಟ. ಹೊಸ ಕಾನೂನಿನಂತೆ ಶಾರ್ಶೆಕಾನ್ ವಾರಕ್ಕೊಮ್ಮೆ ಹೋಗಿ ಅವರ ತಟ್ಟೆ ಪರೀಕ್ಷಿಸಬೇಕು. ಎಂಟು ದಶಕ ಬಾಲದ ಕೊಬ್ಬು ತಿಂದು ಬೆಳೆದ ಮನುಷ್ಯ ಬೇಯಿಸಿದ ಗಜ್ಜರಿ ನೋಡುತ್ತಾ ಕೂತರು. ಮೊದಮೊದಲು ಗೊಣಗಿದರು. ಆಮೇಲೆ ಮಳೆಮೋಡ ಬಂದಾಗ ಬಲಗಡೆ ಎಳೆಯುತ್ತದೆ ಎನ್ನತೊಡಗಿದರು. ಮೂರು ಕಲ್ಲುಗಳನ್ನು ಗಾಜಿನ ಲೋಟದಲ್ಲಿಟ್ಟು ಬಂದವರಿಗೆ ತೋರಿಸಿ, "ತಮಾರಾ ಬಂದು ಹೇಳಿದ್ಲು, ಇನ್ನೊಂದು ವಾರ ಬಿಟ್ಟಿದ್ರೆ ನಾನಿರ್ತಿರಲಿಲ್ಲ ಅಂತ" ಎನ್ನುತ್ತಿದ್ದರು.

ಮರುವರ್ಷ ದೇವರು ಕಣ್ಣುಬಿಟ್ಟ, ಚಿನಾರಾ ಬಸುರಿಯಾದಳು. ಊರಿನ ಹೆರಿಗೆ ಕೋಣೆಯಲ್ಲಿ ಊರುಗೋಲುಗಳಿದ್ದವು. ಶಾರ್ಶೆಕಾನ್ ಮತ್ತೆ ಬರೆದಳು. ಮಂಡಳಿಯವರು ಎಂಬತ್ತೈದು ವರ್ಷದ ಗಂಡಸರಲ್ಲಿ ಹೆರಿಗೆ ಅಪರೂಪವೆಂದೂ, ಆದರೂ ಜನಾಭಿಪ್ರಾಯಕ್ಕೆ ತಲೆಬಾಗಿ ಒಂದನ್ನು ಮಂಜೂರು ಮಾಡಿದೆವೆಂದೂ ಉತ್ತರಿಸಿದರು. "ಹೆರಿಗೆ, ಒಂದು." ಹೆಸರಿನ ಜಾಗ ಖಾಲಿ.

ಈ ಸಲ ಸಭೆಯೂ ಬೇಕಾಗಲಿಲ್ಲ. ಹೆಂಗಸರ ಪಾಲು ಯಾರಿಗೆ ಮೊದಲು ಹೋಗಬೇಕೆಂದು ಎಲ್ಲರಿಗೂ ಗೊತ್ತು. ಎಮಿಲ್‌ಬೆಕ್ ಕಾಗದ ಹಿಡಿದು ನಮ್ಮ ಮನೆಗೇ ಬಂದ.

"ಶುಭವಾಗಲಿ ಅಪಾ. ದಿನ ಯಾವಾಗ?"

"ಮೇ ತಿಂಗಳಂತೆ ಕಣಪ್ಪಾ."

"ಭಾರ ಎತ್ತಬೇಡಿ."

ನನಗೆ ಎಪ್ಪತ್ತೊಂಬತ್ತು. ಮೇ ತಿಂಗಳಲ್ಲಿ ಬಟ್ಟೆಬರೆ ಗಂಟು ಕಟ್ಟಿಕೊಂಡು ಜಿಲ್ಲಾಸ್ಪತ್ರೆಗೆ ಹೋಗಿ, ನಾನು ಮೊದಲು ಮಂಚ ಹತ್ತಿ ಮಲಗಿ, "ಅಯ್ಯೋ" ಎಂದು ಒಂದು ಸಲ ಅಂದು ಇಳಿದೆ. ಉಳಿದದ್ದನ್ನು ಚಿನಾರಾ ಹನ್ನೊಂದು ಗಂಟೆ ಹೊತ್ತು ಮಾಡಿದಳು. ಹೆಣ್ಣುಮಗು. ಜನನ ಪತ್ರದಲ್ಲಿ ತಾಯಿಯ ಹೆಸರು ಕುಲಿಪಾ, ವಯಸ್ಸು ಎಪ್ಪತ್ತೊಂಬತ್ತು. ಜೊತೆಗೆ ಬಂದವರು, ಒಬ್ಬರು.

ಊರಿನಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಸೊಸೆಯ ಚೊಚ್ಚಲ ಮಗು ಅಜ್ಜಿಯ ಮಡಿಲಿನಲ್ಲಿ ಬೆಳೆದು, ಅಜ್ಜಿಯನ್ನೇ ಅಪಾ ಎಂದು ಕರೆದು, ಹೆತ್ತವಳನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಇದ್ದದ್ದೇ. ಸರ್ಕಾರಕ್ಕೆ ಈಗ ಗೊತ್ತಾಯಿತು, ಅಷ್ಟೇ. ಮಂಡಳಿಯವರು ಮಾತ್ರ ತುಂಬ ಸಂತೋಷಪಟ್ಟರು. ಎಪ್ಪತ್ತೊಂಬತ್ತರ ಸುಖಪ್ರಸವ ಸುಧಾರಣೆಯ ಸಾಧನೆಯೆಂದು ದೊಕ್ತುರ್‌ಬೆಕ್ ಕ್ಯಾಮೆರಾದವನ ಜೊತೆ ಬಂದ. ಕುರಿ ಕೊಯ್ದೆವು. ಮಗುವನ್ನು ನನ್ನ ಕೈಯಲ್ಲಿಟ್ಟು ಫೋಟೊ ತೆಗೆಯುವಾಗ, ಬೆಳಕಿಗೆ ಅಡ್ಡವಾಗುತ್ತದೆಂದು ಚಿನಾರಾಳನ್ನು ಪಕ್ಕಕ್ಕೆ ಸರಿಯಲು ಹೇಳಿದರು. ಆಮೇಲೆ ಜನಾಭಿಪ್ರಾಯ ಸಂಗ್ರಹ. ಈ ಸಲ ಬಾಣಂತಿಯೇ ಮುಖ್ಯ ಅತಿಥಿಯಾದ್ದರಿಂದ ಮೊದಲು ನನ್ನನ್ನು ಕೇಳಿದರು. ಎಪ್ಪತ್ತೊಂಬತ್ತು, ಹೆಣ್ಣು, ಈಚೆಗೆ ಹೆತ್ತವಳು, ತೃಪ್ತಿಯಾಗಿದೆ ಎಂದೆ. ಮುನ್ನೂರ ಹನ್ನೆರಡು ಜನವೂ ಅದನ್ನೇ ಹೇಳಿದರು. ಸಾತಿಬಾಲ್ದಿ ಅಜ್ಜನೂ.

ಒಂದೂವರೆ ತಿಂಗಳಿಗೆ ಮುನ್ನೂರ ಹನ್ನೆರಡು ತೊಟ್ಟಿಲು ಬಂದವು. ಅಜ್ಜ ತಮ್ಮದರಲ್ಲಿ ಊರುಗೋಲು ಮಲಗಿಸಿದ್ದಾರೆ.

ಈಗ ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ. ಊರಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ರೊಟ್ಟಿ ಹಿಡಿದುಕೊಂಡು ಸಾತಿಬಾಲ್ದಿ ಅಜ್ಜನ ಮನೆಗೆ ಹೋಗುತ್ತಾರೆ. "ಅಜ್ಜಾ, ನನ್ನ ಗಂಟಲು ನಿಮ್ಮದಾಗಲಿ." ಅಜ್ಜ ಆಗಲಿ ಎನ್ನುತ್ತಾರೆ, ಪತ್ರ ಬರುತ್ತದೆ, ಅವರು ಹೋಗಿ ಬಾಯಿ ತೆರೆದು ತೋರಿಸಿ ಉಳಿದದ್ದನ್ನು ಹಂಚುತ್ತಾರೆ. ಈಚೆಗೆ ಅವರಿಗೆ ಹನ್ನೊಂದು ಕಾಯಿಲೆ ವಾಸಿಯಾಗಿದೆ.

ಹೋದ ವಾರ ನಿಜಕ್ಕೂ ಅವರ ಮೊಣಕಾಲು ಊದಿತು. ಶಾರ್ಶೆಕಾನ್ ಬರೆದಳು. ಸದರಿ ನಾಗರಿಕರು ಈಗಾಗಲೇ ಹನ್ನೊಂದು ಕಾಯಿಲೆಗಳನ್ನು ಅನುಭವಿಸಿರುವುದರಿಂದ ಹನ್ನೆರಡನೆಯದು ಬೇರೆ ಯಾರದೋ ಇರಬೇಕು, ಪತ್ತೆಹಚ್ಚಿ ತಿಳಿಸತಕ್ಕದ್ದು ಎಂದು ಉತ್ತರ ಬಂತು. ಅಜ್ಜ ಕುಂಟುತ್ತಾ ನಮ್ಮ ಮನೆಗೆ ಬಂದು, ಜೀವನದಲ್ಲಿ ಮೊದಲ ಸಲ ಬಾಗಿಲ ಪಕ್ಕದಲ್ಲಿ ಕೂತರು.

"ಚಿನಾರಾ, ಮಗಳೇ, ಈ ಮೊಣಕಾಲು ನಿನ್ನದು ಅಂತ ಬರೆಸ್ತೀಯಾ?"

"ಬರೆಸ್ತಿದ್ದೆ ಅಜ್ಜಾ" ಎಂದಳು ಚಿನಾರಾ. "ಆದರೆ ಯಾವ ಕಾಗದದಲ್ಲೂ ನಾನೇ ಇಲ್ವಲ್ಲ. ಜೊತೆಗೆ ಬಂದವಳಿಗೆ ಮೊಣಕಾಲು ಇರುತ್ತಾ?"

ಅಜ್ಜ ಹೌದಲ್ಲ ಎಂದು ತಲೆಯಾಡಿಸಿದರು. ಚಿನಾರಾ ಒಳಗೆ ಹೋಗಿ ಕುರಿಯ ಬಾಲದ ಕೊಬ್ಬು ಬೆಚ್ಚಗೆ ಕರಗಿಸಿ ತಂದು, ಅವರ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ನಿಧಾನಕ್ಕೆ ತಿಕ್ಕತೊಡಗಿದಳು. ಕೊಬ್ಬಿನ ಘಮ ಮನೆ ತುಂಬಿತು. ಅಜ್ಜನ ಮೂಗು ಅರಳಿತು. ಮೆಲ್ಲಗೆ ಬೆರಳು ಬಟ್ಟಲಿನ ಕಡೆ ಹೊರಟಿತು.

"ಅಜ್ಜಾ!" ಎಂದಳು ಚಿನಾರಾ. "ತಿನ್ನೋ ಹಾಗಿಲ್ಲ. ನಿಮಗೆ ನನ್ನ ಆಪರೇಷನ್ ಆಗಿದೆ."

"ಹೌದಲ್ಲಮ್ಮಾ, ಮರೆತೇಬಿಟ್ಟಿದ್ದೆ" ಎಂದು ಅಜ್ಜ ಬೆರಳು ಹಿಂದಕ್ಕೆ ತೆಗೆದುಕೊಂಡು, ಬಲಗಡೆ ಪಕ್ಕೆಯನ್ನು ಮೃದುವಾಗಿ ನೀವಿಕೊಂಡರು.